ಆಸ್ಕರ್ ನೀಬೆಯ ಹೆಸರಿನ ಬೀರು

(ಮೇ ದಿನದ ಸಲುವಾಗಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಮೇ ದಿನದ ಸಭೆಯಲ್ಲಿ ಬೀರಿನ ವಿಷಯ ಎಂದು ಕೇಳಿ ಕೆಲವರು ನಕ್ಕಿದ್ದೀರಿ, ಕೆಲವರು ಮುಖ ಸಿಂಡರಿಸಿದ್ದೀರಿ. ಎರಡಕ್ಕೂ ಕಾರಣವಿದೆ. ಪಗಾರದ ಸಂಜೆ ಹೆಂಡದಂಗಡಿಯ ಮುಂದೆ ಎಷ್ಟು ಮನೆಗಳ ಅಕ್ಕಿ ಬೇಳೆ ಕರಗಿ ಹೋಗುತ್ತದೆಂಬುದು ಇಲ್ಲಿ ಕುಳಿತಿರುವ ತಾಯಂದಿರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕುಡಿತದ ಪರವಾಗಿ ಮಾತಾಡಲು ನಾವು ನಿಂತಿಲ್ಲ. ಕುಡಿಯುವವನ ಮಾತನ್ನು ಇಂದು ಬದಿಗಿಟ್ಟು, ಅದನ್ನು ತಯಾರಿಸುವವನ ಮಾತನ್ನು ಎತ್ತಿಕೊಳ್ಳೋಣ. ಪೀಪಾಯಿಯ ಹಿಂದೆಯೂ ಒಬ್ಬ ಕೆಲಸಗಾರ ಇದ್ದಾನೆ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ.

ಅಮೆರಿಕದ ಶಿಕಾಗೋ ನಗರದಲ್ಲಿ 2010ರಲ್ಲಿ ಒಂದು ಸಣ್ಣ ಬೀರು ಮನೆ ತೆರೆಯಿತು. ಮುಂದೆ ಊಟದ ಅಂಗಡಿ, ಒಳಗೆ ಬೀರು ಕಾಯಿಸುವ ಹಂಡೆಗಳು. ದೊಡ್ಡ ಕಾರ್ಖಾನೆಯಲ್ಲಿ ರಾಶಿಗಟ್ಟಲೆ ತೆಗೆಯುವ ಬದಲು, ಕೊಂಚ ಕೊಂಚವಾಗಿ ರುಚಿ ನೋಡಿ ತಯಾರಿಸುವ ಇಂಥ ಬೀರಿಗೆ ಅಲ್ಲಿ ಕ್ರಾಫ್ಟ್ ಬೀರು ಎನ್ನುತ್ತಾರೆ. ಈ ಮನೆಗೆ ಅವರು ಇಟ್ಟ ಹೆಸರು ಹೇಮಾರ್ಕೆಟ್. ಶಿಕಾಗೋದ ಹಳೆಯ ಹೇಮಾರ್ಕೆಟ್ ಚೌಕ, ಎಂದರೆ ಹುಲ್ಲಿನ ಸಂತೆಯ ಬಯಲು, ಅಲ್ಲಿಂದ ಕಾಲ್ನಡಿಗೆಯ ದೂರ. ಅವರ ಒಂದು ಬೀರಿನ ಹೆಸರು ಸ್ಪೀಕರ್ಸ್‌ವ್ಯಾಗನ್, ಎಂದರೆ ಭಾಷಣಕಾರರ ಬಂಡಿ. ಇನ್ನೊಂದರ ಹೆಸರು ಆಸ್ಕರ್ಸ್ ಪಾರ್ಡನ್, ಎಂದರೆ ಆಸ್ಕರನಿಗೆ ಸಿಕ್ಕ ಕ್ಷಮೆ.

ಯಾವ ಬಂಡಿ? ಯಾರು ಈ ಆಸ್ಕರ್? ಅವನು ಮಾಡಿದ ತಪ್ಪೇನು, ಅದನ್ನು ಕ್ಷಮಿಸಿದವರಾರು? ಸೀಸೆಯ ಮೇಲಿನ ಚೀಟಿಯಲ್ಲಿ ಇಷ್ಟಕ್ಕೆಲ್ಲ ಜಾಗವಿಲ್ಲ. ಅದಕ್ಕಾಗಿಯೇ ಈ ಭಾಷಣ.

ಆಸ್ಕರ್ ನೀಬೆ 1850ರಲ್ಲಿ ನ್ಯೂಯಾರ್ಕಿನಲ್ಲಿ ಜರ್ಮನ್ ಮೂಲದ ಮನೆಯಲ್ಲಿ ಹುಟ್ಟಿದ. ತಗಡಿನ ಕೆಲಸ ಕಲಿತು ದುಡಿದ. ಆಮೇಲೆ ಶಿಕಾಗೋದಲ್ಲಿ ತನ್ನವರೊಡನೆ ಸೇರಿ ಯೀಸ್ಟಿನ ಸಣ್ಣ ವ್ಯಾಪಾರ ಹಿಡಿದ. ಯೀಸ್ಟ್ ಎಂದರೆ ಹುದುಗು. ನಮ್ಮ ಮನೆಗಳಲ್ಲಿ ದೋಸೆ ಹಿಟ್ಟು ರಾತ್ರಿ ಬೆಳಗಾಗುವುದರೊಳಗೆ ತಾನಾಗಿ ಹುದುಗಿ ಉಬ್ಬುವುದಿಲ್ಲವೆ, ಬ್ರೆಡ್ಡಿನ ಹಿಟ್ಟಿಗೆ ಅದೇ ಕೆಲಸ ಮಾಡುವ ವಸ್ತು. ಬೀರಿಗೂ ಅದೇ ಬೇಕು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಕಾವಿನಲ್ಲಿ ಒಣಗಿಸಿ, ನುಚ್ಚು ಮಾಡಿ, ಬಿಸಿನೀರಿನಲ್ಲಿ ಕಲಸಿ ಸಿಹಿರಸ ತೆಗೆಯುತ್ತಾರೆ. ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಕುದಿಸುತ್ತಾರೆ. ಆರಿದ ಮೇಲೆ ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಸಣ್ಣ ವ್ಯಾಪಾರಿ ಬಂಧುಗಳು ಗಮನಿಸಬೇಕು: ನೀಬೆ ನಿಮ್ಮವನು. ನಸುಕಿನಲ್ಲಿ ಎದ್ದು ಗಾಡಿ ಹೂಡಿ ಬೀದಿ ಬೀದಿ ಸುತ್ತಿ ಮಾಲು ಹಾಕುವವನು.

ಈ ಗಾಡಿ ಹೊಡೆಯುವ ಹೊತ್ತಿನಲ್ಲಿಯೇ ಅವನು ಒಂದು ನೋಟ ಕಂಡ. ಬೀರು ಕಾರ್ಖಾನೆಯ ಕೆಲಸಗಾರರು ಬೆಳಗಿನ ನಾಲ್ಕು ಗಂಟೆಗೆ ಕೆಲಸಕ್ಕೆ ಹೋಗುತ್ತಿದ್ದರು. ತಿರುಗಿ ಮನೆ ಸೇರುವಾಗ ರಾತ್ರಿ ಏಳೋ ಎಂಟೋ ಗಂಟೆ. ತಮ್ಮ ಮಕ್ಕಳ ಮುಖವನ್ನು ಹಗಲು ಬೆಳಕಿನಲ್ಲಿ ಅವರು ಕಂಡದ್ದೇ ಇಲ್ಲ. ನೀಬೆ ಮುಂದೆ ನ್ಯಾಯಾಲಯದಲ್ಲಿ ನಿಂತು ಈ ಮಾತನ್ನು ಹೇಳಿದ.

ನಾವು ಹಿಂದೆ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಇಲ್ಲಿಯೂ ಒಂದು ಲೆಕ್ಕ ಮಾಡೋಣ. ಬೆಳಗ್ಗೆ ನಾಲ್ಕರಿಂದ ಸಂಜೆ ಏಳರವರೆಗೆ 15 ಗಂಟೆ. ದಿನದ 24ರಲ್ಲಿ 15 ಕಳೆದರೆ 9. ಮೈ ನೋಯುವ ಕೆಲಸ ಮಾಡಿದವನಿಗೆ 7 ಗಂಟೆ ನಿದ್ರೆಯಾದರೂ ಬೇಡವೆ? ಉಳಿದದ್ದು 2. ಆ ಎರಡು ಗಂಟೆಯಲ್ಲಿ ಉಣ್ಣಬೇಕು, ಮೈ ತೊಳೆಯಬೇಕು, ಮಗುವನ್ನು ಎತ್ತಿಕೊಳ್ಳಬೇಕು, ಹೆಂಡತಿಯೊಡನೆ ಎರಡು ಮಾತಾಡಬೇಕು, ಕಾಯಿಲೆ ಬಿದ್ದ ನೆರೆಯವನನ್ನು ನೋಡಿ ಬರಬೇಕು. ಇದು ಸಂಸಾರವೊ, ಗಾಣವೊ?

ಆ ಕಾಲದ ಅಮೆರಿಕದ ಬೀರು ಕಾರ್ಖಾನೆಗಳಲ್ಲಿ ದಿನಕ್ಕೆ 14ರಿಂದ 18 ಗಂಟೆ ದುಡಿಸುವುದು ವಾಡಿಕೆಯಾಗಿತ್ತು. ಭಾನುವಾರವೂ ಕೆಲವು ಗಂಟೆ ಹೋಗಬೇಕು. ಎಷ್ಟೋ ಕೆಲಸಗಾರರು ಧಣಿಯೇ ಕೊಟ್ಟ ಕೊಠಡಿಯಲ್ಲಿ ಮಲಗಿ, ಧಣಿಯೇ ಹಾಕಿದ್ದನ್ನು ಉಣ್ಣುತ್ತಿದ್ದರು. ಮಜೂರಿ ಕಡಿಮೆ, ಅದಕ್ಕೆ ಬದಲು ಬೇಕಾದಷ್ಟು ಬೀರು ಪುಕ್ಕಟೆ. ಈ ಪುಕ್ಕಟೆಯ ಮರ್ಮ ತಿಳಿಯಬೇಕು. ದಣಿದವನ ಕೈಗೆ ಲೋಟ ಕೊಟ್ಟರೆ ಅವನು ಇನ್ನೂ ಎರಡು ಗಂಟೆ ನಿಲ್ಲುತ್ತಾನೆ, ಕೂಲಿಯ ಮಾತೆತ್ತುವುದಿಲ್ಲ. ಕುಡಿತ ಬೇಡವೆಂದು ಬಡವನಿಗೆ ನೀತಿ ಹೇಳುವವರು ಬಹಳ ಮಂದಿ ಇದ್ದಾರೆ. ದುಡಿಮೆಯ ಹೊತ್ತಿನಲ್ಲಿಯೇ ಕುಡಿಸಿ ದುಡಿಸಿಕೊಂಡ ಧಣಿಗೆ ನೀತಿ ಹೇಳಿದವರು ಎಷ್ಟು ಮಂದಿ?

1881ರಲ್ಲಿ ನ್ಯೂಯಾರ್ಕಿನ ಬೀರು ಕೆಲಸಗಾರರು ಮುಷ್ಕರ ಹೂಡಿ ಸೋತರು. ಸೋತವರು ಸುಮ್ಮನೆ ಕೂಡಲಿಲ್ಲ. 1886ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿ ರಾಷ್ಟ್ರೀಯ ಸಂಘ ಕಟ್ಟಿದರು. ಮುಂದೆ ಆ ಸಂಘದಲ್ಲಿ ಹಂಡೆ ಕಾಯುವವನು, ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು, ಪೀಪಾಯಿ ಹೇರಿಕೊಂಡು ಗಾಡಿ ಹೊಡೆಯುವವನು ಎಲ್ಲರೂ ಒಂದೇ ಕೊಡೆಯ ಕೆಳಗೆ ಬಂದರು. ನೇಯುವವನಿಗೊಂದು, ನೂಲುವವನಿಗೊಂದು, ಬಾಯ್ಲರಿನವನಿಗೊಂದು ಎಂದು ಸಂಘ ಒಡೆದುಕೊಂಡು ಕೂಡುವ ಗಿರಣಿ ಬಂಧುಗಳು ಇದನ್ನು ಮನಸ್ಸಿನಲ್ಲಿಡಬೇಕು.

ಅವರ ಕೈಯಲ್ಲಿ ಇನ್ನೊಂದು ಆಯುಧವಿತ್ತು. ಬೀರು ಕೊಳ್ಳುವವರಲ್ಲಿ ಬಹು ಮಂದಿ ಕಾರ್ಮಿಕರೇ. ಸಂಘದ ಗುರುತು ಇಲ್ಲದ ಬೀರನ್ನು ನಾವು ಮುಟ್ಟುವುದಿಲ್ಲ ಎಂದು ಅವರು ಹಟ ಹಿಡಿದರೆ ಧಣಿಯ ಪೀಪಾಯಿ ಧಣಿಯ ಉಗ್ರಾಣದಲ್ಲಿಯೇ ಹಳಸಬೇಕು. ಪೀಪಾಯಿಗೆ ಅಂಟಿಸಿದ ಸಂಘದ ಆ ಚೀಟಿ ಹೇಳುತ್ತಿದ್ದದ್ದು ಇಷ್ಟೇ: ಇದನ್ನು ತಯಾರಿಸಿದವನಿಗೆ ಸಂಘ ಒಪ್ಪಿದ ಕೂಲಿ ಸಿಕ್ಕಿದೆ, ಸಂಘ ಒಪ್ಪಿದ ಗಂಟೆ ಮಾತ್ರ ಅವನು ದುಡಿದಿದ್ದಾನೆ. ಸೀಸೆಯ ಚೀಟಿಯ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಡಿ.

ಶಿಕಾಗೋಕ್ಕೆ ಹಿಂತಿರುಗೋಣ. ನೀಬೆ ಬೀರು ಕೆಲಸಗಾರರನ್ನು ಸಂಘಟಿಸಿದ. ಬೇಕರಿ ಕೆಲಸಗಾರರು 14, 16 ಗಂಟೆ ದುಡಿದು ಮೆಟ್ಟಿಲ ಮೇಲೋ ಕೊಟ್ಟಿಗೆಯಲ್ಲೋ ಮಲಗುತ್ತಿದ್ದರು. ಅವರ ಸಂಘಕ್ಕೆ ನೆರವಾದ, ದುಡಿಮೆ 10 ಗಂಟೆಗೆ ಇಳಿಯಿತು. ಕಿರಾಣಿ ಅಂಗಡಿಗಳ ಗುಮಾಸ್ತರು ರಾತ್ರಿ ಹತ್ತು ಹನ್ನೊಂದರವರೆಗೆ ನಿಲ್ಲುತ್ತಿದ್ದರು. ಅವರನ್ನೂ ಕರೆದು ಕೂಡಿಸಿದ, ಸಂಜೆ ಏಳಕ್ಕೆ ಬಿಡುವಾಯಿತು, ಭಾನುವಾರ ರಜೆಯಾಯಿತು. ಇದೆಲ್ಲ ಅವನೇ ನ್ಯಾಯಾಲಯದಲ್ಲಿ ತನ್ನ ಅಪರಾಧಗಳ ಪಟ್ಟಿ ಎಂದು ಒಂದೊಂದಾಗಿ ಹೇಳಿಕೊಂಡ ಸಂಗತಿ.

ನ್ಯಾಯಾಲಯಕ್ಕೆ ಅವನು ಬಂದದ್ದು ಹೇಗೆ? ಕಾರ್ಮಿಕ ಸಂಘಗಳ ಒಕ್ಕೂಟವೊಂದು 1884ರಲ್ಲಿ ಒಂದು ಠರಾವು ಮಾಡಿತ್ತು: 1886ರ ಮೇ 1ರಿಂದ ದಿನದ ದುಡಿಮೆ 8 ಗಂಟೆ. ಆ ದಿನ ಬಂದಾಗ ಅಮೆರಿಕದಾದ್ಯಂತ ಲಕ್ಷಾಂತರ ಕೆಲಸಗಾರರು ಕೈ ಕಟ್ಟಿ ನಿಂತರು. ಶಿಕಾಗೋ ಅದರ ಕೇಂದ್ರ. ಮೇ 3ರಂದು ಮೆಕಾರ್ಮಿಕ್ ಕೊಯ್ಲುಯಂತ್ರದ ಕಾರ್ಖಾನೆಯ ಬಾಗಿಲಲ್ಲಿ ಪೋಲೀಸರು ಗುಂಡು ಹಾರಿಸಿ ಕಾರ್ಮಿಕರನ್ನು ಕೊಂದರು. ಅದನ್ನು ಖಂಡಿಸಲು ಮರುದಿನ ಸಂಜೆ ಹೇಮಾರ್ಕೆಟ್ ಬಯಲಿನ ಬಳಿ ಸಭೆ ಸೇರಿತು. ವೇದಿಕೆ ಇರಲಿಲ್ಲ; ಬೀದಿಯಲ್ಲಿ ನಿಂತಿದ್ದ ಒಂದು ಬಂಡಿಯನ್ನೇರಿ ಮಾತಾಡಿದರು. ಬೀರಿಗೆ ಹೆಸರು ಕೊಟ್ಟ ಬಂಡಿ ಇದೇ. ನಗರದ ಮೇಯರ್ ಕಾರ್ಟರ್ ಹ್ಯಾರಿಸನ್ ತಾನೇ ಬಂದು ಕೇಳಿ, ಸಭೆ ಶಾಂತವಾಗಿದೆ ಎಂದು ಹೊರಟು ಹೋದ. ಮಳೆಯ ಲಕ್ಷಣ ಕಂಡು ಜನ ಚದುರುತ್ತಿದ್ದರು. ಕೊನೆಯ ಭಾಷಣಕಾರ ಸ್ಯಾಮ್ಯುಯೆಲ್ ಫೀಲ್ಡನ್ ಮಾತು ಮುಗಿಸುವ ಹೊತ್ತಿಗೆ ಪೋಲೀಸರು ಸಾಲುಗಟ್ಟಿ ಬಂದು ಚದುರಿ ಎಂದರು. ಯಾರೋ ಒಂದು ಬಾಂಬು ಎಸೆದರು. ಪೋಲೀಸರು ಕತ್ತಲಲ್ಲಿ ಗುಂಡು ಹಾರಿಸಿದರು. ಏಳು ಪೋಲೀಸರು ಸತ್ತರು. ಜನರಲ್ಲಿ ಕಡೆಯ ಪಕ್ಷ ನಾಲ್ವರು ಸತ್ತರು. ಸತ್ತ ಪೋಲೀಸನೂ ಸಂಬಳದ ಮನುಷ್ಯನೇ, ಅವನ ಮನೆಯಲ್ಲೂ ಅತ್ತರು. ಆ ಬಾಂಬು ಎಸೆದವನು ಯಾರೆಂಬುದು ಇಂದಿಗೂ ಸಿದ್ಧವಾಗಿಲ್ಲ.

ಎಸೆದವನು ಸಿಗದಿದ್ದರೂ ಎಂಟು ಜನರ ಮೇಲೆ ಮೊಕದ್ದಮೆ ನಡೆಯಿತು. ನೀಬೆ ಅವರಲ್ಲಿ ಒಬ್ಬ. ಅವನು ಆ ರಾತ್ರಿ ಸಭೆಯಲ್ಲಿ ಇರಲೇ ಇಲ್ಲ. ಅವನ ಮೇಲಿದ್ದ ಸಾಕ್ಷ್ಯವೆಂದರೆ ಕಾರ್ಮಿಕರ ಜರ್ಮನ್ ಪತ್ರಿಕೆಯಲ್ಲಿ ಅವನದೊಂದು ಚಿಕ್ಕ ಪಾಲು, ಮೆಕಾರ್ಮಿಕ್ ಕೊಲೆಗಳ ಬಗೆಗಿನ ಕರಪತ್ರವನ್ನು ಒಂದೆಡೆ ಕೊಟ್ಟದ್ದು, ಮನೆಯಲ್ಲಿ ಸಿಕ್ಕಿದ ಒಂದು ಕೆಂಪು ಬಾವುಟ ಮತ್ತು ಒಂದು ಪಿಸ್ತೂಲು. ಏಳು ಜನರಿಗೆ ಮರಣದಂಡನೆ, ನೀಬೆಗೆ 15 ವರ್ಷ ಸೆರೆ ಎಂದು ತೀರ್ಪಾಯಿತು. ತಿಲ ತಿಲವಾಗಿ ಸಾಯಿಸುವ ಬದಲು ತನ್ನನ್ನೂ ಜೊತೆಯವರೊಡನೆ ನೇಣಿಗೆ ಹಾಕಿ ಎಂದು ಅವನು ಕೇಳಿಕೊಂಡ. 1887ರ ನವೆಂಬರ್ 11ರಂದು ಸ್ಪೀಸ್, ಪಾರ್ಸನ್ಸ್, ಫಿಷರ್, ಎಂಗೆಲ್ ಎಂಬ ನಾಲ್ವರನ್ನು ಗಲ್ಲಿಗೇರಿಸಿದರು. ಲಿಂಗ್ ಎಂಬಾತ ಹಿಂದಿನ ದಿನವೇ ಸೆರೆಯ ಕೋಣೆಯಲ್ಲಿ ಸತ್ತಿದ್ದ. ಫೀಲ್ಡನ್ ಮತ್ತು ಶ್ವಾಬ್ ಇಬ್ಬರ ಶಿಕ್ಷೆ ಜೀವಾವಧಿಗೆ ಇಳಿಯಿತು. ಅದೇ ವರ್ಷ ನೀಬೆಯ ಹೆಂಡತಿ ಮೆಟಾ ತೀರಿಕೊಂಡಳು. ಅವನು ಸೆರೆಯಲ್ಲಿ, ಮಕ್ಕಳು ಹೊರಗೆ. ಇತರರ ಮಕ್ಕಳು ತಂದೆಯ ಮುಖವನ್ನು ಹಗಲಿನಲ್ಲಿ ಕಾಣಲಿ ಎಂದು ಹೊರಟವನ ಮಕ್ಕಳಿಗೆ ಆ ಭಾಗ್ಯ ಆರು ವರ್ಷಕ್ಕೂ ಮೇಲೆ ಇಲ್ಲವಾಯಿತು.

1893ರ ಜೂನ್ 26ರಂದು ಇಲಿನಾಯ್ ಸಂಸ್ಥಾನದ ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಉಳಿದ ಮೂವರನ್ನು ಬಿಡುಗಡೆ ಮಾಡಿದ. ಕಾನೂನಿನ ಭಾಷೆಯಲ್ಲಿ ಅದಕ್ಕೆ ಕ್ಷಮಾದಾನ ಎಂದು ಹೆಸರು. ಆದರೆ ಅವನು ದಯೆ ತೋರಿ ಬಿಟ್ಟವನಲ್ಲ. ಜೂರಿಗಳನ್ನು ಬೇಕೆಂದೇ ಆರಿಸಿ ಕೂಡಿಸಲಾಗಿತ್ತು, ನ್ಯಾಯಾಧೀಶನಿಗೆ ಪಕ್ಷಪಾತವಿತ್ತು, ಅಪರಾಧ ಸಿದ್ಧವಾಗಿರಲಿಲ್ಲ ಎಂದು ಕಾರಣ ಕೊಟ್ಟು ಬರೆದ. ಧನಿಕರ ಪತ್ರಿಕೆಗಳು ಅವನ ಮೇಲೆ ಬೆಂಕಿ ಕಾರಿದವು. 1896ರ ಚುನಾವಣೆಯಲ್ಲಿ ಅವನು ಸೋತ. ಆದ್ದರಿಂದ ಆಸ್ಕರನಿಗೆ ಸಿಕ್ಕ ಕ್ಷಮೆ ಎಂಬ ಹೆಸರನ್ನು ಓದುವಾಗ ಒಂದು ಮಾತು ತಿಳಿದಿರಬೇಕು. ಕ್ಷಮೆ ಕೇಳಬೇಕಾಗಿದ್ದದ್ದು ಸರ್ಕಾರ, ಆಸ್ಕರನಲ್ಲ. ಅವನು ಹೊರಬಂದ ಮೇಲೆ ಮತ್ತೆ ಮದುವೆಯಾಗಿ, ಶಿಕಾಗೋದಲ್ಲಿಯೇ ಒಂದು ಸಣ್ಣ ಬೀರು ಅಂಗಡಿ ನಡೆಸಿಕೊಂಡಿದ್ದು 1916ರಲ್ಲಿ ತೀರಿಕೊಂಡ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಂಥವನ ಹೆಸರನ್ನು ಬೀರಿಗೆ ಇಡುವುದು ಸರಿಯೆ? ಗಾಂಧಿಯವರ ದಾರಿಯಲ್ಲಿ ನಡೆದ ಹಿರಿಯರು ಇದು ಅವಮಾನ ಎನ್ನಬಹುದು. ನಮ್ಮ ಅಭಿಪ್ರಾಯ ಬೇರೆ. ಬೀರು ಕೆಲಸಗಾರರ ಸಂಘ ಕಟ್ಟಿದವನ ಹೆಸರು ಬೀರಿನ ಮೇಲೆ ಬರುವುದರಲ್ಲಿ ಅನ್ಯಾಯವೇನೂ ಇಲ್ಲ. ದೊಡ್ಡವರು ತಮ್ಮ ಹೆಸರನ್ನು ರಸ್ತೆಗೂ ಸೇತುವೆಗೂ ಇಟ್ಟುಕೊಂಡರು. ಯೀಸ್ಟ್ ಮಾರಿದವನಿಗೆ ಒಂದು ಪೀಪಾಯಿಯಾದರೂ ಇರಲಿ. ಆ ಹೆಸರು ಕೇಳಿ ಒಬ್ಬ ಹುಡುಗ ಇದಾರು ಎಂದು ವಿಚಾರಿಸಿದರೆ ಅಷ್ಟು ಲಾಭವೇ.

ಆದರೆ ಹೆಸರಿನಿಂದ ಸಾಲ ತೀರುವುದಿಲ್ಲ. ಇತಿಹಾಸ ಈಗ ಮಾರಾಟದ ವಸ್ತುವೂ ಆಗಿದೆ. ಹುತಾತ್ಮನ ಚಿತ್ರ ಅಂಗಿಯ ಮೇಲೆ, ಮುಷ್ಕರದ ಹೆಸರು ಸೀಸೆಯ ಮೇಲೆ. ಕೊಂಡವನಿಗೆ ತಾನೂ ಹೋರಾಡಿದಷ್ಟು ತೃಪ್ತಿ. ಯಾವ ಅಂಗಡಿಯನ್ನೂ ಬೆರಳಿಟ್ಟು ನಾವು ದೂರುವುದಿಲ್ಲ. ಕಾರ್ಮಿಕನ ಹೆಸರಿನ ಮಾಲನ್ನು ಕಂಡಲ್ಲೆಲ್ಲ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಇದನ್ನು ತಯಾರಿಸಿದವನು ಎಷ್ಟು ಗಂಟೆ ದುಡಿದ, ಎಷ್ಟು ಪಡೆದ, ಅವನಿಗೆ ಸಂಘ ಉಂಟೆ? ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬಂತೆ, ಕಾರ್ಮಿಕರ ಇತಿಹಾಸ ಚೀಟಿಗೆ, ಹೆಚ್ಚು ಗಂಟೆ ಕೆಲಸ ಹಂಡೆಯ ಮನೆಗೆ ಎಂದಾಗಬಾರದು.

ಇದು ಹಳೆಯ ಕಾಲದ ಪ್ರಶ್ನೆಯಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆಂಕರ್ ಎಂಬ ಬೀರು ಕಾರ್ಖಾನೆಯಿತ್ತು. 1896ರಿಂದ ಬಂದ ಹೆಸರು. ಅಮೆರಿಕದ ಕ್ರಾಫ್ಟ್ ಬೀರಿಗೆ ದಾರಿ ತೋರಿದ ಮನೆ ಎಂದು ಅದರ ಕೀರ್ತಿ. 2017ರಲ್ಲಿ ಜಪಾನಿನ ಸಪ್ಪೊರೊ ಕಂಪನಿ ಅದನ್ನು ಕೊಂಡಿತು. ಆ ದುಬಾರಿ ಊರಿನಲ್ಲಿ ಬರುವ ಕೂಲಿ ಬದುಕಿಗೆ ಸಾಲದು ಎಂದು ಕೆಲಸಗಾರರು ಸಂಘಕ್ಕೆ ಕೈ ಎತ್ತಿದರು. 2019ರ ಮಾರ್ಚಿಯಲ್ಲಿ ಮತ ಹಾಕಿದಾಗ ಪರ 31, ವಿರುದ್ಧ 16. ಅವರು ಸೇರಿದ್ದು ಬಂದರು ಕಾರ್ಮಿಕರ ಸಂಘಕ್ಕೆ. 1934ರಲ್ಲಿ ಅದೇ ಊರಿನ ಹಡಗುಕಟ್ಟೆಯ ಮುಷ್ಕರದಲ್ಲಿ ಇಬ್ಬರನ್ನು ಪೋಲೀಸರ ಗುಂಡಿಗೆ ಕೊಟ್ಟ ಹೋರಾಟದಿಂದ ಬೆಳೆದ ಸಂಘ ಅದು. ಅದೇ ವರ್ಷದ ಡಿಸೆಂಬರಿನಲ್ಲಿ ಮೊದಲ ಒಪ್ಪಂದವಾಯಿತು. ಇಲ್ಲಿ ಕಾರ್ಮಿಕರ ಇತಿಹಾಸ ಸೀಸೆಯ ಚೀಟಿಯಿಂದ ಇಳಿದು ಪಗಾರದ ಪುಸ್ತಕಕ್ಕೆ ಬಂತು.

ಮುಂದಿನದನ್ನೂ ಮುಚ್ಚಿಡದೆ ಹೇಳಬೇಕು. 2023ರ ಜುಲೈನಲ್ಲಿ ಕಂಪನಿ ಆ ಕಾರ್ಖಾನೆಯನ್ನು ಮುಚ್ಚುತ್ತೇವೆಂದು ಸಾರಿತು. ನೋಡಿದಿರಾ, ಸಂಘ ಕಟ್ಟಿ ಕೆಲಸ ಕಳೆದುಕೊಂಡರು ಎನ್ನುವವರು ನಮ್ಮಲ್ಲೂ ಇದ್ದಾರೆ. ಕಂಪನಿ ತಾನೇ ಕೊಟ್ಟ ಕಾರಣಗಳು ಕೋವಿಡ್ ಕಾಲದ ನಷ್ಟ, ಬೆಲೆಯೇರಿಕೆ, ಪೈಪೋಟಿ. ಸಂಘವಿಲ್ಲದ ಕಾರ್ಖಾನೆಗಳೂ ಆ ಕಾಲದಲ್ಲಿ ಮುಚ್ಚಿದವು. ಸಂಘವಿದ್ದದ್ದರಿಂದ ಆದದ್ದೇನೆಂದರೆ, ಕೆಲಸಗಾರರು ತಲೆ ಮೇಲೆ ಕೈಹೊತ್ತು ಕೂಡದೆ, ಕಾರ್ಖಾನೆಯನ್ನು ನಾವೇ ಕೊಂಡು ಸಹಕಾರ ತತ್ವದಲ್ಲಿ ನಡೆಸುತ್ತೇವೆ ಎಂದು ಮುಂದೆ ಬಂದರು. ಅದು ಕೈಗೂಡಲಿಲ್ಲ. 2024ರಲ್ಲಿ ಮೊಸರಿನ ವ್ಯಾಪಾರದಿಂದ ಸಿರಿವಂತನಾದ ಹಮ್ದಿ ಉಲುಕಾಯ ಎಂಬಾತ ಅದನ್ನು ಕೊಂಡ. ಬಂಡವಾಳ ಧಣಿಯ ಕೈಯಲ್ಲಿರುವವರೆಗೆ ಬಾಗಿಲಿನ ಬೀಗವೂ ಅವನ ಕೈಯಲ್ಲೇ ಎಂಬ ಪಾಠ ಇದರಲ್ಲಿದೆ.

ಶಿಕಾಗೋದಿಂದ ನಮ್ಮೂರಿಗೆ ದಾರಿ ಉದ್ದವೇನಲ್ಲ. ಆ ನಾಲ್ವರ ನೆನಪು ಹಸಿಯಾಗಿದ್ದಾಗಲೇ 1889ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮಾಜವಾದಿಗಳು ಮೇ 1ನ್ನು ಎಂಟು ಗಂಟೆಯ ಬೇಡಿಕೆಯ ದಿನವೆಂದು ಗೊತ್ತುಮಾಡಿದರು. 1923ರಲ್ಲಿ ಸಿಂಗಾರವೇಲು ಚೆಟ್ಟಿಯಾರರು ಮದರಾಸಿನಲ್ಲಿ ಭಾರತದ ಮೊದಲ ಮೇ ದಿನವನ್ನು ಆಚರಿಸಿದರು. ಕಾಯಿದೆಯ ಲೆಕ್ಕವನ್ನು ನೋಡಿ. 1911ರ ಕಾಯಿದೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ಗಂಟೆ ಎಂದಿತ್ತು. 1922ರಲ್ಲಿ 11 ಗಂಟೆ, ವಾರಕ್ಕೆ 60. 1934ರಲ್ಲಿ 10 ಗಂಟೆ, ವಾರಕ್ಕೆ 54. 1948ರಲ್ಲಿ 9 ಗಂಟೆ, ವಾರಕ್ಕೆ 48. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಎಂಟು. 12ರಿಂದ 9ಕ್ಕೆ ಬರಲು 37 ವರ್ಷ ಹಿಡಿಯಿತು. ಒಂದೊಂದು ಗಂಟೆಯ ಹಿಂದೆಯೂ ಬೀಗಮುದ್ರೆ, ಲಾಠಿ, ಉಪವಾಸ ಇವೆ. ಏರಿದ ಮೆಟ್ಟಿಲನ್ನು ಇಳಿಯಲು ಎಷ್ಟು ಹೊತ್ತು ಬೇಕು? 2023ರಲ್ಲಿ ಕರ್ನಾಟಕದ ಶಾಸನಸಭೆ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ಮಾಡಿ, ವಾರದ 48 ಗಂಟೆಯನ್ನು ಹಾಗೆಯೇ ಇಟ್ಟು, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಒಯ್ಯಲು ದಾರಿ ತೆರೆಯಿತು. ಕೆಲಸಗಾರ ಬರಹದಲ್ಲಿ ಒಪ್ಪಿದರೆ ಮಾತ್ರ ಎಂಬ ಮಾತೂ ಅದರಲ್ಲಿದೆ. ಸಂಘವಿಲ್ಲದವನು ಧಣಿಯ ಮೇಜಿನ ಮುಂದೆ ಒಬ್ಬನೇ ನಿಂತು ಒಪ್ಪುವುದಿಲ್ಲ ಎನ್ನಬಲ್ಲನೆ? ನೀಬೆ ಕಂಡ ನಸುಕಿನ ನೋಟ ಇಷ್ಟು ಹತ್ತಿರದಲ್ಲಿದೆ.

ಕೊನೆಯದಾಗಿ ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ನೀವು ಧಣಿಗಳಲ್ಲ, ಬಡ್ಡಿಗೂ ಬಾಡಿಗೆಗೂ ದುಡಿಯುವವರೆಂದು ನಾವು ಬಲ್ಲೆವು. ಆದರೂ ನಿಮ್ಮ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹುಡುಗ ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುತ್ತಾನೆ? ಅಂಗಡಿ ಮುಂಗಟ್ಟುಗಳ 1961ರ ಕಾಯಿದೆ ಅವನಿಗೂ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದು ಬರೆಯಿತು, ವಾರಕ್ಕೊಂದು ರಜೆ ಎಂದಿತು. ಒಬ್ಬರೇ ಬಾಗಿಲು ಹಾಕಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆಂಬ ಭಯ ನಿಮಗಿದೆ, ಅದು ಸುಳ್ಳಲ್ಲ. ಅದಕ್ಕೇ ಪೇಟೆಯವರೆಲ್ಲ ಒಟ್ಟಿಗೆ ಕೂಡಿ ಒಂದು ಹೊತ್ತು ಗೊತ್ತುಮಾಡಿ. ಎಲ್ಲರೂ ಒಟ್ಟಿಗೆ ಹಾಕಿದರೆ ಯಾರ ಗಿರಾಕಿಯೂ ಓಡುವುದಿಲ್ಲ, ನಿಮ್ಮ ಮಕ್ಕಳಿಗೂ ತಂದೆ ಸಿಗುತ್ತಾನೆ. ಶಿಕಾಗೋದ ಯೀಸ್ಟ್ ವ್ಯಾಪಾರಿ ಮಾಡಿದ್ದು ಇಷ್ಟೇ ಕೆಲಸ.

ಗಿರಣಿ ಬಂಧುಗಳಿಗೆ ಹೇಳುವುದು ಇನ್ನೂ ಚಿಕ್ಕದು. ಯಾವ ಕಾಗದಕ್ಕೂ ಒಬ್ಬೊಬ್ಬರಾಗಿ ರುಜು ಹಾಕಬೇಡಿ. ಗಂಟೆ ಹೆಚ್ಚಿಸುವ ಕಾಗದ ಬಂದರೆ ಸಂಘಕ್ಕೆ ತನ್ನಿ. ನಾಲ್ಕು ಜನ ಕೂಡಿ ಓದೋಣ, ಲೆಕ್ಕ ಹಾಕೋಣ, ಒಂದೇ ಬಾಯಲ್ಲಿ ಉತ್ತರ ಕೊಡೋಣ. ನಾಳೆ ಸಂಜೆ ಪಾಳಿ ಬಿಟ್ಟ ಮೇಲೆ ಸಂಘದ ಕಚೇರಿ ತೆರೆದಿರುತ್ತದೆ. ಬನ್ನಿ.